ಬರೆಸಿದ ನೋಟ್ಸೂ ಬರೆದ ನೋಟ್ಸೂ

ಮಾನ್ಯ ಸಂಪಾದಕರೇ,

ಕಳೆದ ವಾರ ಪಿಂಚಣಿಯ ಕಾಗದಪತ್ರಗಳ ನಕಲು ಮಾಡಿಸಲೆಂದು ನಮ್ಮೂರ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂದೆ ಐದಾರು ಮಂದಿ ಪಿಯು ವಿದ್ಯಾರ್ಥಿಗಳು ನಿಂತಿದ್ದರು. ಅವರಲ್ಲೊಬ್ಬ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಕನ್ನಡ ಹೀಗೆ ಐದು ವಿಷಯಗಳ ನೋಟ್ಸಿನ ಪಿಡಿಎಫ್‌ಗಳನ್ನು ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳುಹಿಸಿದ. ಅಂಗಡಿಯವರು ಎಷ್ಟು ಸೆಟ್ ಎಂದಷ್ಟೇ ಕೇಳಿದರು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಸಹಜವಾಗಿ ಇರುವ ಕುತೂಹಲದಿಂದ, ಕಾಯುವ ಹೊತ್ತಿನಲ್ಲಿ ಆ ವಿಷಯದ ಕಟ್ಟನ್ನು ಕೈಗೆತ್ತಿಕೊಂಡು ನೋಡಿದೆ. ಗವರ್ನರ್ ಜನರಲ್ ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯಡಿ ಕಂಪನಿ ಸರ್ಕಾರ ವಶಪಡಿಸಿಕೊಂಡ ಸಂಸ್ಥಾನಗಳ ಪಟ್ಟಿಯಲ್ಲಿ ಸತಾರಾ, ನಾಗಪುರ, ಝಾನ್ಸಿಗಳ ಜೊತೆಗೆ ಔಧ್ (ಇಂದಿನ ಉತ್ತರ ಪ್ರದೇಶದ ಲಖನೌ ಸೀಮೆ) ಕೂಡ ಕುಳಿತಿತ್ತು.

ಔಧ್ ಆ ಪಟ್ಟಿಗೆ ಸೇರಿದ್ದಲ್ಲ. ಸ್ವಂತ ಗಂಡು ಮಕ್ಕಳಿಲ್ಲದೆ ದೊರೆ ತೀರಿಕೊಂಡ ಸಂಸ್ಥಾನಗಳಿಗೆ ಅನ್ವಯಿಸುತ್ತಿದ್ದ ನೀತಿ ಅದು; ಔಧ್‌ನ ನವಾಬ ವಾಜಿದ್ ಅಲಿ ಷಾನಿಗೆ ಮಕ್ಕಳ ಕೊರತೆಯೇನೂ ಇರಲಿಲ್ಲ. ದುರಾಡಳಿತದ ಆರೋಪ ಹೊರಿಸಿ 1856ರಲ್ಲಿ ಕಂಪನಿ ಆ ರಾಜ್ಯವನ್ನು ನುಂಗಿತು. ಈ ತಪ್ಪು ನನಗೆ ಹಳೆಯ ಪರಿಚಯ. ಮೌಲ್ಯಮಾಪನಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಒಂದೇ ಕಟ್ಟಿನ ಹತ್ತಾರು ಉತ್ತರ ಪತ್ರಿಕೆಗಳಲ್ಲಿ ಇದೇ ಪಟ್ಟಿ, ಇದೇ ಕ್ರಮ, ಕೊನೆಗೆ ಒಂದೇ ಜಾಗದಲ್ಲಿ ಒಂದೇ ಕಾಗುಣಿತದ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಎಲ್ಲೋ ಒಬ್ಬ ಉಪನ್ಯಾಸಕರು ಬರೆಸುವಾಗ ಬಾಯಿತಪ್ಪಿ ಹೇಳಿದ್ದು, ಅಥವಾ ಹಿಂದಿನ ಬೆಂಚಿನವನ ಕಿವಿಗೆ ತಪ್ಪಾಗಿ ಬಿದ್ದದ್ದು, ಅಣ್ಣನ ನೋಟ್ಸಿನಿಂದ ತಮ್ಮನಿಗೂ ತಮ್ಮನಿಂದ ಅವನ ಗೆಳೆಯರಿಗೂ ಹರಿದು ಬಂದಿರುತ್ತದೆ. ಹಿಂದೆ ಅದು ಒಂದು ಕಾಲೇಜಿನ ಒಳಗೇ ಉಳಿಯುತ್ತಿತ್ತು. ಈಗ ಒಂದು ಸಂಜೆಯೊಳಗೆ ಜಿಲ್ಲೆ ದಾಟುತ್ತದೆ.

ಹಾಗೆಂದು ಜೆರಾಕ್ಸ್ ಅಂಗಡಿಯನ್ನೋ ವಾಟ್ಸ್‌ಆ್ಯಪನ್ನೋ ದೂರಲು ಈ ಪತ್ರ ಬರೆಯುತ್ತಿಲ್ಲ. ನೋಟ್ಸ್ ಎಂದರೆ ಬೇರೆಯವರು ಕೊಡುವಂಥದ್ದು ಎಂಬ ನಂಬಿಕೆಯನ್ನು ಮಕ್ಕಳಲ್ಲಿ ಬೆಳೆಸಿದವರು ನಾವು, ಬೋಧಕರು. ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಹೇಳದೆ ಮುಂದಿನ ಮಾತು ಹೇಳುವುದು ಸರಿಯಲ್ಲ.

ನಿವೃತ್ತಿಗೆ ನಾಲ್ಕೈದು ವರ್ಷ ಮುಂಚಿನ ಮಾತು. ಕರೆಕ್ಷನ್‌ಗೆ ಬಂದ ದ್ವಿತೀಯ ಪಿಯು ನೋಟ್ಸುಗಳ ರಾಶಿಯಲ್ಲಿ ಒಂದು ಬೇರೆ ಥರ ಇತ್ತು. 1857ರ ದಂಗೆಯ ಕಾರಣಗಳನ್ನು ರಾಜಕೀಯ, ಆಡಳಿತಾತ್ಮಕ, ಆರ್ಥಿಕ, ಸೈನಿಕ ಎಂದು ತಲೆಬರಹ ಕೊಟ್ಟು ನಾನು ಬರೆಸಿದ್ದು ಅದರಲ್ಲಿ ಅಲ್ಲಲ್ಲಿ ಅರ್ಧಕ್ಕೇ ನಿಂತಿತ್ತು. ಆದರೆ ರಾಜಕೀಯ ಕಾರಣಗಳ ಕೆಳಗೆ ‘ಔಧ್’ ಎಂಬ ಪದಕ್ಕೆ ಆ ಹುಡುಗಿ ಪೆನ್ಸಿಲಿನಿಂದ ಸುತ್ತು ಹಾಕಿ, ಅಲ್ಲಿಂದ ಪುಟದ ಬುಡದಲ್ಲಿದ್ದ ಸೈನಿಕ ಕಾರಣಗಳವರೆಗೆ ಗೆರೆ ಎಳೆದು, ಮಾರ್ಜಿನ್ನಿನಲ್ಲಿ ‘ಸಿಪಾಯಿಗಳು ಇಲ್ಲಿಯವರೇ ಅಲ್ವಾ?’ ಎಂದು ಬರೆದುಕೊಂಡಿದ್ದಳು. ನಿಜ, ಬಂಗಾಳ ಸೇನೆಯ ಸಿಪಾಯಿಗಳಲ್ಲಿ ದೊಡ್ಡ ಪಾಲು ಔಧ್ ಮತ್ತು ಅದರ ಸುತ್ತಲಿನ ಹಳ್ಳಿಗಳಿಂದ ಬಂದವರು. ಅಲ್ಲಿನ ರಾಜ್ಯ ಹೋದದ್ದೂ ಬ್ಯಾರಕ್ಕಿನಲ್ಲಿದ್ದವರ ಸಿಟ್ಟೂ ಎರಡು ಬೇರೆ ಕಾರಣಗಳಲ್ಲ, ಒಂದೇ ಮನೆಯ ಸುದ್ದಿ. ನನ್ನ ತಲೆಬರಹಗಳು ಕತ್ತರಿಸಿಟ್ಟಿದ್ದನ್ನು ಆ ಹುಡುಗಿ ಒಂದು ಪೆನ್ಸಿಲ್ ಗೆರೆಯಲ್ಲಿ ಜೋಡಿಸಿದ್ದಳು. ನಾನು ಮಾಡಿದ್ದೇನು? ಆ ವಾರ ತಪಾಸಣೆಗೆ ಬರುವವರಿದ್ದ ಗಡಿಬಿಡಿಯಲ್ಲಿ, ಕೆಂಪು ಶಾಯಿಯಲ್ಲಿ ‘ನೋಟ್ಸ್ ಅಪೂರ್ಣ, ಪೂರ್ತಿ ಮಾಡಿ ತೋರಿಸು’ ಎಂದು ಗೀಚಿ ಪಕ್ಕಕ್ಕಿಟ್ಟೆ. ಸೋಮವಾರ ಅವಳು ಪೂರ್ತಿ ಮಾಡಿ ತಂದಳು. ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಅಳಿಸಿದ್ದಳು.

ಇದು ಇತಿಹಾಸಕ್ಕೆ ಮಾತ್ರ ಅಂಟಿದ ಕಾಯಿಲೆಯಲ್ಲ. ಎಲ್ಲ ವಿಷಯಗಳ ನೋಟ್ಸನ್ನೂ ಪ್ರಶ್ನೆ, ಅದರ ಕೆಳಗೆ ಉತ್ತರ ಎಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತೇವೆ. ಗಣಿತದ ಗೆಳೆಯರೊಬ್ಬರು ಹೇಳುತ್ತಿದ್ದ ಪ್ರಸಂಗ ನೆನಪಾಗುತ್ತದೆ: ಹತ್ತನೆಯ ತರಗತಿಯಲ್ಲಿ ಥೇಲ್ಸ್‌ನ ಪ್ರಮೇಯವನ್ನು ಎಬಿಸಿ ತ್ರಿಭುಜದಲ್ಲಿ ತಡವರಿಸದೆ ಸಾಧಿಸಿ ತೋರಿಸಿದ ಹುಡುಗ, ತ್ರಿಭುಜದ ಮೂಲೆಗಳಿಗೆ ಪಿಕ್ಯುಆರ್ ಎಂದು ಹೆಸರಿಟ್ಟ ಕೂಡಲೇ ‘ಇದು ನಮಗೆ ಕೊಟ್ಟಿಲ್ಲ ಸರ್’ ಎಂದನಂತೆ. ಅವನ ನೋಟ್ಸಿನಲ್ಲಿ ಪ್ರತಿ ಹೆಜ್ಜೆಯೂ ಇತ್ತು. ಆ ಹೆಜ್ಜೆ ಏಕೆ ಎಂಬ ಅರ್ಧ ಸಾಲು ಮಾತ್ರ ಎಲ್ಲಿಯೂ ಇರಲಿಲ್ಲ, ಏಕೆಂದರೆ ಅದನ್ನು ಯಾರೂ ಬರೆಸಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಬೆಲೆ ಏರಿದಾಗ ಕೊಳ್ಳುವ ಪ್ರಮಾಣ ಕುಗ್ಗುವುದು ಒಂದು, ಆದಾಯ ಇಳಿದಾಗ ಬೇಡಿಕೆಯೇ ಕುಸಿಯುವುದು ಇನ್ನೊಂದು. ಮೊದಲನೆಯದರಲ್ಲಿ ನಾವು ಅದೇ ಬೇಡಿಕೆ ರೇಖೆಯ ಮೇಲೆ ಸರಿಯುತ್ತೇವೆ, ಎರಡನೆಯದರಲ್ಲಿ ರೇಖೆಯೇ ಎಡಕ್ಕೆ ಸರಿಯುತ್ತದೆ. ಈ ವ್ಯತ್ಯಾಸವನ್ನು ಎಷ್ಟು ವಾಕ್ಯಗಳಲ್ಲಿ ಬರೆಸಿದರೂ ವಿದ್ಯಾರ್ಥಿ ತನ್ನ ಕೈಯಿಂದ ಎರಡು ರೇಖೆ ಎಳೆಯದೆ ತಲೆಗಿಳಿಯುವುದಿಲ್ಲ. ಆದರೂ ನೋಟ್ಸಿನಲ್ಲಿ ವಾಕ್ಯಗಳೇ ತುಂಬಿರುತ್ತವೆ. ಲೆಕ್ಕಶಾಸ್ತ್ರದಲ್ಲಿ ಬಿಡಿಸಿದ ಲೆಕ್ಕವನ್ನೇ ಮತ್ತೆ ನಕಲು ಮಾಡುವವರಿದ್ದಾರೆ. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಕನ್ನಡ ಮಾಧ್ಯಮದ ಮಕ್ಕಳ ಪಾಡು ಇನ್ನೂ ಕಷ್ಟದ್ದು. ವಿಜ್ಞಾನದ ಇಂಗ್ಲಿಷ್ ನೋಟ್ಸನ್ನು ಯಂತ್ರಾನುವಾದಕ್ಕೆ ಹಾಕಿ, ಬಂದದ್ದನ್ನು ಓದಿಯೂ ನೋಡದೆ ಹಂಚುವ ಚಾಳಿ ಶುರುವಾಗಿದೆ. ನೆರೆಮನೆಯ ಹುಡುಗನೊಬ್ಬ ತೋರಿಸಿದ ಹಾಳೆಯಲ್ಲಿ ‘ಮಸೂರದ ಅಧಿಕಾರವನ್ನು ಡಯಾಪ್ಟರ್‌ಗಳಲ್ಲಿ ಅಳೆಯಲಾಗುತ್ತದೆ’ ಎಂದಿತ್ತು. ಪಠ್ಯಪುಸ್ತಕದಲ್ಲಿ ‘ಮಸೂರದ ಸಾಮರ್ಥ್ಯ’ ಎಂದು ಚೆನ್ನಾಗಿಯೇ ಇದೆ. ಅದನ್ನು ಬದಿಗಿಟ್ಟು ಅಧಿಕಾರವನ್ನು ಉರು ಹೊಡೆಯುತ್ತಿದ್ದ ಹುಡುಗನನ್ನು ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪುಸ್ತಕ ಏಕೆ ನೋಡಲಿಲ್ಲ ಎಂದು ಕೇಳಿದರೆ, ನೋಟ್ಸಿನಲ್ಲಿ ಇದ್ದದ್ದೇ ಪರೀಕ್ಷೆಗೆ ಬರುತ್ತದೆ ಎಂದ.

ಪದವಿ ತರಗತಿಗಳಲ್ಲಿ ಪಠ್ಯಕ್ರಮದ ಗೊಂದಲವೂ ಸೇರಿಕೊಂಡಿದೆ. 2021-22ರಲ್ಲಿ ನಾಲ್ಕು ವರ್ಷದ ಪದವಿಗೆ ಅವಕಾಶವಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ಎರಡರ ನೋಟ್ಸೂ ಅದಕ್ಕೂ ಹಿಂದಿನ ನೋಟ್ಸೂ ತಲೆಯಿಲ್ಲದ ಕಡತಗಳಾಗಿ ಒಟ್ಟೊಟ್ಟಿಗೆ ಸುತ್ತುತ್ತಿವೆ. ಬರೆದವರ ಹೆಸರಿಲ್ಲ, ವರ್ಷವಿಲ್ಲ, ಯಾವ ಪಠ್ಯಕ್ರಮಕ್ಕೆ ಎಂಬುದಿಲ್ಲ. ನೋಟ್ಸ್ ಹಂಚುವ ಅಧ್ಯಾಪಕರು ಮೊದಲ ಪುಟದಲ್ಲಿ ಈ ಮೂರನ್ನು ಬರೆದರೆ ಸಾಕು, ಪರೀಕ್ಷೆಯ ಹಿಂದಿನ ರಾತ್ರಿ ಬೇರೆಯದೇ ಘಟಕವನ್ನು ಓದಿಕೊಂಡು ಹೋಗುವ ಮಕ್ಕಳ ಸಂಖ್ಯೆಯಾದರೂ ತಗ್ಗುತ್ತದೆ.

ಡಿಕ್ಟೇಷನ್ನಿನ ಪರವಾಗಿ ಹೇಳುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಕೂಲಿಗೆ ಹೋಗಿ ಬಂದು ಸಂಜೆ ಓದುವ ಹುಡುಗನಿಗೆ, ಪಾಸಾಗುವುದೇ ದೊಡ್ಡದಾಗಿರುವವನಿಗೆ, ಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂದು ಕರೆಯುವ ಚಿಕ್ಕ ಟಿಪ್ಪಣಿ ನಿಜಕ್ಕೂ ಆಸರೆ. ಅದನ್ನು ಕಸಿಯಬೇಕೆಂದು ನಾನು ಹೇಳುವುದಿಲ್ಲ. ಕೈಯಿಂದ ಬರೆದರೆ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬ ಮಾತೂ ಇದೆ. ಆದರೆ ಅದು ಅರ್ಧ ಮಾತು. 2014ರಲ್ಲಿ ಅಮೆರಿಕದ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಪ್ರಕಟಿಸಿದ ಅಧ್ಯಯನವನ್ನು ಕೈಬರಹದ ಪರವಾಗಿ ಎಲ್ಲರೂ ಎತ್ತಿ ಹೇಳುತ್ತಾರೆ. ಮುಂದೆ ಅದನ್ನು ಮರುಪರೀಕ್ಷಿಸಿದವರಿಗೆ ಅಷ್ಟು ಸ್ಪಷ್ಟ ಫಲ ಸಿಗಲಿಲ್ಲ ಎಂಬುದನ್ನು ಬಿಟ್ಟುಬಿಡುತ್ತಾರೆ. ಆ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆ. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದವರು ಉಪನ್ಯಾಸವನ್ನು ಅಕ್ಷರಶಃ ಇಳಿಸಿಕೊಳ್ಳುತ್ತಿದ್ದರು, ಅರ್ಥ ಕೇಳುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದದ್ದೂ ಅವರೇ. ನಮ್ಮ ತರಗತಿಗಳಲ್ಲಿ ಪೆನ್ನು ಹಿಡಿಸಿಯೇ ಅಕ್ಷರಶಃ ಬರೆಸುತ್ತೇವಲ್ಲ, ಅದಕ್ಕೇನು ಹೇಳುವುದು?

ತಾನೇ ನೋಟ್ಸ್ ಮಾಡಿಕೊಳ್ಳುವುದು ಕಲಿಸಿದರೆ ಬರುವ ವಿದ್ಯೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಅಧ್ಯಾಪಕರು 1950ರ ದಶಕದಲ್ಲಿ ರೂಪಿಸಿದ ಕ್ರಮ ಬಹಳ ಸರಳ. ಪುಟದ ಬಲಗಡೆಯ ಅಗಲ ಜಾಗದಲ್ಲಿ ಪಾಠ ಕೇಳುವಾಗ ತನ್ನ ಮಾತಿನಲ್ಲಿ ಬರೆದುಕೊಳ್ಳುವುದು, ಎಡಗಡೆಯ ಕಿರಿದಾದ ಪಟ್ಟಿಯಲ್ಲಿ ಆಮೇಲೆ ಕೂತು ಪ್ರಶ್ನೆಗಳನ್ನೂ ಸುಳಿವಿನ ಪದಗಳನ್ನೂ ಬರೆಯುವುದು, ಕೆಳಗೆ ಇಡೀ ಪುಟದ ಸಾರವನ್ನು ಎರಡು ಸಾಲಿನಲ್ಲಿ ಇಡುವುದು. ಓದುವಾಗ ಬಲಗಡೆಯನ್ನು ಕೈಯಿಂದ ಮುಚ್ಚಿ ಎಡಗಡೆಯ ಪ್ರಶ್ನೆಗೆ ಉತ್ತರ ಹೇಳಿಕೊಂಡರೆ ಆಯಿತು. ನಮ್ಮ ಲಾಂಗ್ ನೋಟ್‌ಬುಕ್ಕಿನಲ್ಲಿ ಎಡಗಡೆ ಮಾರ್ಜಿನ್ ಗೆರೆ ಅಚ್ಚಾಗಿಯೇ ಬರುತ್ತದೆ. ಅದನ್ನು ನಾವು ಪ್ರಶ್ನೆಯ ಸಂಖ್ಯೆ ಹಾಕಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸಲು ಹೇಳಿಕೊಡಲಿಲ್ಲ. ಆ ಹುಡುಗಿ ಯಾರೂ ಹೇಳಿಕೊಡದೆಯೇ ತನ್ನ ಪ್ರಶ್ನೆಯನ್ನು ಬರೆದುಕೊಂಡದ್ದು ಅದೇ ಮಾರ್ಜಿನ್ನಿನಲ್ಲಿ.

ಆದ್ದರಿಂದ ಶಿಕ್ಷಣ ಇಲಾಖೆಯಲ್ಲಿ ಮತ್ತು ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟು. ಜೂನ್‌ನಲ್ಲಿ ತರಗತಿ ಶುರುವಾದಾಗ ಪ್ರತಿ ವಿಷಯದವರೂ ಒಂದೆರಡು ಪೀರಿಯಡ್‌ಗಳನ್ನು ಆಯಾ ವಿಷಯಕ್ಕೆ ನೋಟ್ಸ್ ಮಾಡಿಕೊಳ್ಳುವ ಬಗೆಯನ್ನು ತೋರಿಸಲು ಮೀಸಲಿಡಲಿ. ಹಳಗನ್ನಡ ಪದ್ಯಕ್ಕೆ ಪದ ಬಿಡಿಸಿಕೊಳ್ಳುವುದು, ಜೀವಶಾಸ್ತ್ರಕ್ಕೆ ಪುಸ್ತಕ ಮುಚ್ಚಿ ಚಿತ್ರ ಬರೆಯುವುದು, ಭೂಗೋಳಕ್ಕೆ ನಕ್ಷೆ, ಇತಿಹಾಸಕ್ಕೆ ಕಾಲರೇಖೆ, ಹೀಗೆ. ಪ್ರಾಯೋಗಿಕ ಪರೀಕ್ಷೆ ಇಲ್ಲದ ಪಿಯು ವಿಷಯಗಳಿಗೂ 2023-24ರಿಂದ 20 ಅಂಕಗಳ ಆಂತರಿಕ ಮೌಲ್ಯಮಾಪನ ಬಂದಿದೆ. ಅದರಲ್ಲಿ ಒಂದೆರಡು ಅಂಕವಾದರೂ ವಿದ್ಯಾರ್ಥಿ ಸ್ವಂತವಾಗಿ ಮಾಡಿಕೊಂಡ ಟಿಪ್ಪಣಿಗೆ ಸಿಗಲಿ. ತಪಾಸಣೆಗೆ ಬರುವ ಅಧಿಕಾರಿಗಳು ಇಂದು ನೋಟ್ಸ್ ಪೂರ್ಣವಾಗಿದೆಯೇ, ಅಕ್ಷರ ದುಂಡಾಗಿದೆಯೇ, ಪ್ರತಿ ಪುಟಕ್ಕೂ ಕೆಂಪು ಸಹಿ ಬಿದ್ದಿದೆಯೇ ಎಂದು ನೋಡುತ್ತಾರೆ. ಇನ್ನು ಮುಂದೆ ಒಂದೇ ತರಗತಿಯ ನಾಲ್ಕು ನೋಟ್ಸುಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು, ನಾಲ್ಕೂ ಒಂದೇ ಥರ ಇದ್ದರೆ ಏಕೆ ಹೀಗಾಯಿತು ಎಂದು ಅಧ್ಯಾಪಕರನ್ನು ಕೇಳಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ,
ಅರಸೀಕೆರೆ