ಯುಗಾದಿಯಿಂದ ಪೇಪರ್ ಕಪ್ ಇಲ್ಲ, ಸ್ಟೀಲ್ ಲೋಟ ಉಂಟು

ಮಾನ್ಯ ಗ್ರಾಹಕರೇ,

ಬರುವ ಯುಗಾದಿಯಿಂದ ಶಿರಸಿಯ ನಮ್ಮ ಸಹಕಾರಿ ಮಳಿಗೆಯಲ್ಲಿ ಪೇಪರ್ ಕಪ್, ಬೆಳ್ಳಿ ಬಣ್ಣದ ಕಾಗದದ ತಟ್ಟೆ ಹಾಗೂ ಕಾಲು ಲೀಟರಿನ ನೀರಿನ ಬಾಟಲಿ ಸಿಗುವುದಿಲ್ಲ. ನಾಮಕರಣ, ಉಪನಯನ, ಗೃಹಪ್ರವೇಶ, ಸತ್ಯನಾರಾಯಣ ಕಥೆ, ಏನೇ ಕಾರ್ಯವಿದ್ದರೂ ಸ್ಟೀಲ್ ಲೋಟ, ತಟ್ಟೆ, ನಲ್ಲಿಯಿರುವ ನೀರಿನ ಡ್ರಮ್ ನಮ್ಮಿಂದ ಒಯ್ಯಬಹುದು. ಬಾಡಿಗೆ ಇಲ್ಲ, ಠೇವಣಿ ಮಾತ್ರ. ಎಣಿಕೆ ಸರಿಯಿದ್ದರೆ ಅದೂ ಪೂರ್ತಿ ವಾಪಸು.

‘ಪ್ಲಾಸ್ಟಿಕ್ ಬಿಟ್ಟು ಕಾಗದಕ್ಕೆ ಬಂದಾಯಿತಲ್ಲ, ಇನ್ನೇನು?’ ಎಂದು ಹಲವರು ಕೇಳುತ್ತಿದ್ದಾರೆ. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ನಿಷೇಧ ಬಂತು. ಕೇಂದ್ರದ ಆ ಪಟ್ಟಿಯಲ್ಲಿ ಪೇಪರ್ ಕಪ್ ಇಲ್ಲ, ನಿಜ. ಆದರೆ ಬಿಸಿ ಚಹಾ ಹೊಯ್ದರೂ ಅದರ ಕಾಗದ ನೆನೆಯುವುದಿಲ್ಲವೇಕೆ? ಒಳಮೈಗೆ ಪಾಲಿಥೀನಿನ ತೆಳು ಪೊರೆ ಅಂಟಿಸಿರುತ್ತಾರೆ. ಅದರಿಂದಾಗಿ ಪೇಪರ್ ಕಪ್ ಗೊಬ್ಬರದ ಗುಂಡಿಯಲ್ಲಿ ಪೂರ್ತಿ ಕೊಳೆಯುವುದಿಲ್ಲ, ಗುಜರಿಯವರೂ ಕೊಳ್ಳುವುದಿಲ್ಲ. ಕಾರ್ಯದ ಮನೆಗಳ ಕಸ ವಿಂಗಡಿಸುವ ಸ್ವಯಂಸೇವಕರು ತೋಟದಂಚಿನ ಹೊಂಡದಿಂದ ಕೆಲವನ್ನು ತೆಗೆದು ತಂದು ತೋರಿಸಿದರು: ಕಾಗದ ಕರಗಿಹೋಗಿ, ಪೊರೆ ಮಾತ್ರ ಲೋಟದ ಆಕಾರದಲ್ಲೇ ಉಳಿದಿತ್ತು. ಆಡಳಿತ ಮಂಡಳಿಯಲ್ಲಿ ಆಮೇಲೆ ಹೆಚ್ಚು ಚರ್ಚೆ ನಡೆಯಲಿಲ್ಲ.

ಪಾತ್ರೆಗಳನ್ನು ಎಣಿಸಿ ಕೊಡುವವರು, ಮರಳಿ ಬಂದಾಗ ಕುದಿನೀರಿನಲ್ಲಿ ಅದ್ದಿ ಒಣಗಿಸುವವರು ಇದೇ ಸ್ವಯಂಸೇವಕರು. ಸ್ವಸಹಾಯ ಸಂಘಗಳ ಮಹಿಳೆಯರಿದ್ದಾರೆ, ಕಾಲೇಜಿನ ಹುಡುಗರಿದ್ದಾರೆ. ಯಾರಿಗೂ ಸಂಬಳವಿಲ್ಲ. ಆದ್ದರಿಂದ ಒಂದು ಮಾತನ್ನು ಬಿಡಿಸಿಯೇ ಹೇಳಬೇಕಾಗಿದೆ: ನಿಮ್ಮ ಮನೆಯ ಎಂಜಲು ತಿಕ್ಕುವುದು ಅವರ ಕೆಲಸವಲ್ಲ. ಎಲ್ಲವನ್ನೂ ತೊಳೆದು ಮಾರನೆಯ ದಿನ ಸಂಜೆಯೊಳಗೆ ತಲುಪಿಸಿ. ಪಾಯಸ ಒಣಗಿ ಅಂಟಿದ ಲೋಟಗಳ ಚೀಲವನ್ನು ಬಾಗಿಲಲ್ಲಿಟ್ಟು ಹೋದರೆ ಠೇವಣಿ ಮರಳುವುದಿಲ್ಲ, ಎಷ್ಟೇ ಹಳೆಯ ಸದಸ್ಯರಾಗಿರಲಿ. ಕಳೆದ ಪಾತ್ರೆಯ ಬೆಲೆಯನ್ನೂ ಅದರಲ್ಲೇ ಮುರಿದುಕೊಳ್ಳುತ್ತೇವೆ.

ಊಟಕ್ಕೆ ಬಾಳೆಲೆಯ ಸಮಕ್ಕೆ ನಿಲ್ಲುವಂಥದ್ದು ನಮ್ಮ ಮಳಿಗೆಯಲ್ಲಿಲ್ಲ. ತೋಟವಿದ್ದವರು ಅದನ್ನೇ ಬಳಸಿ. ಅಡಿಕೆ ಹಾಳೆಯ ತಟ್ಟೆ, ದೊನ್ನೆಗಳು ಎಂದಿನಂತೆ ಸಿಗುತ್ತವೆ, ಆದರೆ ಪ್ಲಾಸ್ಟಿಕ್ ಹೊದಿಕೆಯ ಬದಲು ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತೇವೆ. ಇದರಲ್ಲೊಂದು ತೊಡಕಿದೆ. ನಮ್ಮ ಕಡೆಯ ಮಳೆಗೆ ಹೊದಿಕೆಯಿಲ್ಲದ ಹಾಳೆ ಬೇಗ ಬೂಷ್ಟು ಹಿಡಿಯುತ್ತದೆ. ಆಷಾಢ, ಶ್ರಾವಣದಲ್ಲಿ ಬೇಕಾದವರು ಕಾರ್ಯದ ಹಿಂದಿನ ದಿನವೇ ಒಯ್ಯಿರಿ. ಮೊದಲೇ ತಂದಿಟ್ಟುಕೊಳ್ಳುವುದಾದರೆ ಒಲೆಯ ಮೇಲಿನ ಅಟ್ಟದಲ್ಲಿಡಿ.

ದೊಡ್ಡ ಮದುವೆಗೆ ಸಾಲುವಷ್ಟು ಪಾತ್ರೆ ಸದ್ಯಕ್ಕಿಲ್ಲ. ಉಳಿದ ಕಾರ್ಯಗಳಿಗೆ ಮುಹೂರ್ತ ಗೊತ್ತಾದೊಡನೆ ಹೆಸರು ಬರೆಸಿ. ಮೊದಲು ಬರೆಸಿದವರಿಗೆ ಮೊದಲು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಊರಿನ ಮನೆಮನೆಯಲ್ಲೂ ನೆಂಟರಿರುವುದರಿಂದ, ಆಗ ಒಂದು ಮನೆಗೆ ಇಂತಿಷ್ಟೇ ಎಂದು ಮಿತಿ ಹಾಕುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ