ಇಂಗ್ಲಿಷ್ ತಿದ್ದುವ ಆ್ಯಪ್ ಬಳಸುವವರಿಗೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಮೇಲ್ ಕಳಿಸುವ ಮೊದಲು ಗ್ರಾಮರ್ಲಿ ಅಥವಾ ಲ್ಯಾಂಗ್ವೇಜ್‌ಟೂಲ್‌ನಲ್ಲಿ ಒಮ್ಮೆ ಹಾಕಿ ನೋಡಿ, ಎರಡನ್ನೂ ದುಡ್ಡು ಕೊಡದೆ ಬಳಸಬಹುದು. ಬ್ರಿಟಿಷ್ ಇಂಗ್ಲಿಷ್ ಬೇಕೋ ಅಮೆರಿಕನ್ ಬೇಕೋ ಅಂತ ಮೊದಲೇ ಆರಿಸಿಕೊಳ್ಳಿ, ಇಲ್ಲಾಂದ್ರೆ ‘ಕಲರ್’ ಪದದಲ್ಲಿ ‘ಯು’ ಇದ್ದರೂ ತಪ್ಪು, ಬಿಟ್ಟರೂ ತಪ್ಪು ಅನ್ನಿಸಿಬಿಡುತ್ತದೆ!

ಆದರೆ ಅದು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡಿ. ಮೊನ್ನೆ ನಾನು ‘ಡಿಸ್ಕಸ್ ಅಬೌಟ್’ ಅಂತ ಬರೆದಿದ್ದೆ, ಇಂಥದ್ದೇ ಒಂದು ಆ್ಯಪ್ ‘ಅಬೌಟ್’ ಬೇಡ ಅಂತ ಸರಿಯಾಗೇ ಹಿಡಿಯಿತು, ಅದೇ ಮೇಲ್‌ನಲ್ಲಿ ‘ಫ್ರಮ್’ ಬದಲು ‘ಫಾರ್ಮ್’ ಆಗಿದ್ದನ್ನು ಮಾತ್ರ ಸುಮ್ನೆ ಬಿಟ್ಟಿತ್ತು. ಕಾಗುಣಿತ ಸರಿ ಇತ್ತು ಅಲ್ವಾ, ಅದಕ್ಕೇ. ಹಾಗಾಗಿ ಕೊನೆಗೊಮ್ಮೆ ಜೋರಾಗಿ ಓದಿ.

ಇನ್ನೊಂದು ವಿಷಯ, ಆನ್‌ಲೈನ್‌ನಲ್ಲಿ ಹಾಕಿದ ಬರಹ ಅವರ ಸರ್ವರ್‌ಗೆ ಹೋಗುತ್ತದೆ. ಪಾಸ್‌ವರ್ಡ್, ಬ್ಯಾಂಕ್ ವಿವರ, ಆಫೀಸಿನ ಗುಟ್ಟಿನ ಕಾಗದ ಯಾವುದನ್ನೂ ಹಾಕಬೇಡಿ.