ಎಣ್ಣೆಯ ಕಥೆ ಒಂದು ಸಾಲಿನಲ್ಲಿ ಮುಗಿಯುವಂಥದಲ್ಲ

ಮಾನ್ಯ ಸಂಪಾದಕರೇ,

ಅಜೀಂ ಪ್ರೇಮ್‌ಜಿಯವರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಲೇಖನಗಳು ಬಹುಪಾಲು ಒಂದೇ ಜಾಡು ಹಿಡಿಯುತ್ತವೆ: ತಂದೆಯ ಎಣ್ಣೆ ಕಂಪನಿಗೆ ಒಂದು ಸಾಲು, ಅಲ್ಲಿಂದ ನೇರ ಬೆಂಗಳೂರು, ಸಾಫ್ಟ್‌ವೇರ್, ಆಸ್ತಿಯ ಲೆಕ್ಕ. ಚಳ್ಳಕೆರೆಯಲ್ಲಿ ತಂದೆಯಿಂದ ಬಂದ ಎಣ್ಣೆ ಮಿಲ್ಲನ್ನು ಹದಿನೆಂಟು ವರ್ಷ ನಡೆಸಿ ಕೊನೆಗೆ ಬಾಗಿಲು ಹಾಕಿದ ನನಗೆ ಆ ಒಂದು ಸಾಲೇ ಹೆಚ್ಚು ಮುಖ್ಯವೆನಿಸುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮಹಮದ್ ಹಾಶಂ ಪ್ರೇಮ್‌ಜಿಯವರು 1945ರ ಡಿಸೆಂಬರ್‌ನಲ್ಲಿ ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಕಂಪನಿಯನ್ನು ಸ್ಥಾಪಿಸಿ, ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರದಲ್ಲಿ ಕಾರ್ಖಾನೆ ಹಾಕಿದರು. ವನಸ್ಪತಿ, ಅಂದರೆ ಎಣ್ಣೆಯನ್ನು ಗಟ್ಟಿಗೊಳಿಸಿ ಮಾಡುವ ತುಪ್ಪದಂಥ ಅಡುಗೆ ಕೊಬ್ಬು, ಅಲ್ಲಿನ ಮುಖ್ಯ ಉತ್ಪನ್ನ. ಎಣ್ಣೆಯ ಉಪ ಉತ್ಪನ್ನದಿಂದ 787 ಎಂಬ ಬಟ್ಟೆ ಸೋಪು. 1966ರ ಆಗಸ್ಟ್‌ನಲ್ಲಿ ಅವರು ಹಠಾತ್ತನೆ ತೀರಿಕೊಂಡಾಗ, ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ 21 ವರ್ಷದ ಮಗ ಅಜೀಂ ಓದನ್ನು ಅರ್ಧಕ್ಕೇ ಬಿಟ್ಟು ಬಂದರು. ಷೇರುದಾರರ ಸಭೆಯಲ್ಲಿ ಒಬ್ಬರು ಎದ್ದು, ಈ ವಯಸ್ಸಿನಲ್ಲಿ ಕಂಪನಿ ನಡೆಸುವುದು ನಿಮ್ಮಿಂದಾಗದು, ನಿಮ್ಮ ಪಾಲನ್ನು ಮಾರಿಬಿಡಿ ಎಂದರಂತೆ. ಈ ಪ್ರಸಂಗವನ್ನು ಹೇಳುವವರೆಲ್ಲ ಆ ಷೇರುದಾರರನ್ನು ನಗೆಪಾಟಲು ಮಾಡುತ್ತಾರೆ. ನನ್ನ ಮಟ್ಟಿಗೆ ಅವರ ಮಾತು ನ್ಯಾಯವಾದದ್ದೇ. 1965 ಮತ್ತು 1966 ದೇಶಕ್ಕೆ ಬೆನ್ನುಬೆನ್ನಿಗೆ ಬಂದ ಬರದ ವರ್ಷಗಳು; ಮಳೆ ಕೈಕೊಟ್ಟರೆ ಶೇಂಗಾ ಇಲ್ಲ, ಶೇಂಗಾ ಇಲ್ಲದಿದ್ದರೆ ಮಿಲ್ಲಿಗೆ ಕೆಲಸವಿಲ್ಲ, ಆದರೂ ಆಳುಗಳ ಸಂಬಳ ನಿಲ್ಲುವುದಿಲ್ಲ.

ಎಣ್ಣೆ ವ್ಯಾಪಾರದಲ್ಲಿ ಲಾಭ ನಷ್ಟ ತೀರ್ಮಾನವಾಗುವುದು ಕಾಳು ಕೊಳ್ಳುವಾಗ. ನಮ್ಮ ತಂದೆ ಮಾರುಕಟ್ಟೆಯಲ್ಲಿ ಚೀಲಕ್ಕೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಶೇಂಗಾ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಸುಲಿದು, ಕಾಳನ್ನು ಕಚ್ಚಿ ನೋಡಿ, ‘ಹಸಿ ಐತೆ’ ಎಂದೋ ‘ಎಣ್ಣೆ ಕೊಡ್ತೈತೆ’ ಎಂದೋ ಹೇಳಿ ದರ ಕೂಗುತ್ತಿದ್ದರು. ಅಮಳನೇರದಲ್ಲೂ ಖರೀದಿ ನಡೆಯುತ್ತಿದ್ದುದು ಹೀಗೆ ಕೈ ಮತ್ತು ಹಲ್ಲಿನ ಅಂದಾಜಿನ ಮೇಲೆಯೇ ಎನ್ನುತ್ತಾರೆ. ತೇವವನ್ನೂ ಎಣ್ಣೆಯ ಅಂಶವನ್ನೂ ಅಳೆದು ದರ ಕಟ್ಟುವ ಪದ್ಧತಿಯನ್ನು ತಂದವರು ಕಿರಿಯ ಪ್ರೇಮ್‌ಜಿ. ನೂರು ಕ್ವಿಂಟಲ್ ಲೋಡಿನಲ್ಲಿ ತೇವ ಶೇ 2ರಷ್ಟು ಹೆಚ್ಚಿದ್ದರೆ ಎರಡು ಕ್ವಿಂಟಲ್ ನೀರಿಗೆ ಶೇಂಗಾದ ದರ ತೆತ್ತಂತೆ. ಈ ಲೆಕ್ಕ ಯಾರಿಗೂ ಕಷ್ಟವಲ್ಲ. ಕಷ್ಟವೆಂದರೆ, ತಂದೆಯ ಕಾಲದಿಂದ ಕಾಳು ಕಚ್ಚುತ್ತ ಬಂದ ಹಿರಿಯರ ಮುಂದೆ ಪರದೇಶದಿಂದ ಬಂದ ಹುಡುಗ ತಕ್ಕಡಿ ಇಡುವುದು. ನಾನೂ ತೇವ ಅಳೆಯುವ ಮೀಟರ್ ತಂದಿದ್ದೆ. ಅಪ್ಪನ ಕಾಲದ ದಲ್ಲಾಳಿ ಮುನಿದಾರೆಂದು ಗಲ್ಲಾಪೆಟ್ಟಿಗೆಯ ಕೆಳಗಿಂದ ಅದನ್ನು ಹೊರಗೇ ತೆಗೆಯಲಿಲ್ಲ.

ಕಂಪನಿಯ ಹೆಸರು ವಿಪ್ರೊ ಎಂದಾದದ್ದು 1977ರಲ್ಲಿ. ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ ಭಾರತ ಬಿಟ್ಟ ಮೇಲೆ ಕಂಪ್ಯೂಟರ್ ತಯಾರಿಕೆಗೆ ಇಳಿದಾಗಲೂ ಬೆನ್ನಿಗಿದ್ದದ್ದು ವನಸ್ಪತಿ ಮತ್ತು ಸೋಪಿನ ವ್ಯಾಪಾರವೇ. ವನಸ್ಪತಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದರಲ್ಲಿ ಹೆಚ್ಚಾಗಿರುತ್ತಿದ್ದ, ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬಿಗೆ 2022ರಿಂದ ಶೇ 2ರ ಮಿತಿ ಬಂದದ್ದು ಸರಿಯಾಗಿಯೇ ಇದೆ. ಹಾಗೆಯೇ, ನಿಯಂತ್ರಣ ಕುಟುಂಬದ ಕೈಯಲ್ಲಿದ್ದುದರಿಂದ ಆ ಯುವಕನಿಗೆ ತಪ್ಪು ಮಾಡಿ ಕಲಿಯುವಷ್ಟು ಕಾಲಾವಕಾಶ ಸಿಕ್ಕಿತು, ಸಂಬಳಕ್ಕಿದ್ದ ಮ್ಯಾನೇಜರನಿಗೆ ಅದು ಸಿಗುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ವಿಪ್ರೊ ಷೇರುಗಳ ಶೇ 67ರಷ್ಟು ಆರ್ಥಿಕ ಲಾಭ ತಮ್ಮ ದತ್ತಿ ಕಾರ್ಯಕ್ಕೆ ಸೇರುವಂತೆ ಅಜೀಂ ಪ್ರೇಮ್‌ಜಿಯವರು 2019ರಲ್ಲಿ ಮಾಡಿದರು. ರಾಜ್ಯದ ಶಾಲಾ ಮಕ್ಕಳಿಗೆ ವಾರದಲ್ಲಿ ಎರಡು ದಿನ ಸಿಗುತ್ತಿದ್ದ ಮೊಟ್ಟೆ 2024ರಿಂದ ಆರು ದಿನ ಸಿಗುತ್ತಿರುವುದೂ ಅವರ ಪ್ರತಿಷ್ಠಾನದ ಹಣದಿಂದಲೇ. ಇದು ಈಗಾಗಲೇ ಸಾಕಷ್ಟು ವರದಿಯಾಗಿದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಬರೆಸುವಾಗ ಸರ್ಜಾಪುರ ರಸ್ತೆಯ ಕಚೇರಿಯ ಚಿತ್ರವೊಂದನ್ನೇ ಹಾಕದೆ, ವರದಿಗಾರರೊಬ್ಬರನ್ನು ಅಮಳನೇರಕ್ಕೆ ಕಳಿಸಿ. ಕಂಪನಿಯ ಷೇರುಗಳನ್ನು ಅಲ್ಲಿನ ಅನೇಕ ಕುಟುಂಬಗಳು ತಲೆಮಾರುಗಳಿಂದ ಇಟ್ಟುಕೊಂಡಿವೆ. ಶೇಂಗಾ ಖರೀದಿಯ ಆ ಕಾಲವನ್ನು ಕಂಡ ಹಿರಿಯರು ಸಿಕ್ಕರೆ ಅವರ ಮಾತನ್ನು ಈಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

— ಎಣ್ಣೆ ಮಿಲ್ಲಿನ ಮಾಜಿ ಮಾಲೀಕ, ಚಳ್ಳಕೆರೆ